ಎಡಗೈ ಅಂಬಿಗ

ಹೊಳೆಯ ದಂಡೆಗೆ ಒಂದು ಹಳೆಯ ಛತ್ರವಿತ್ತು. ಯಾತ್ರಿಕರು ಬರುವುದು ನಿಂತ ಮೇಲೆ ಊರವರು ಸೇರಿ ಅದಕ್ಕೆ ಸುಣ್ಣ ಬಳಿದು, ಗೋಡೆಗಳಿಗೆ ಮೊಳೆ ಹೊಡೆದು, ಚಿತ್ರಶಾಲೆ ಮಾಡಿಕೊಂಡಿದ್ದರು. ಅದರ ಹಿಂದಿನ ಎರಡು ಕೋಣೆಗಳಲ್ಲಿ ಕೊಟ್ರಯ್ಯ ಎಂಬ ಗುರುಗಳು ಇದ್ದುಕೊಂಡು ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು.

ವರ್ಷಕ್ಕೊಮ್ಮೆ ಅಲ್ಲಿ ಐದು ದಿನ ಪ್ರದರ್ಶನ. ಊರಿನಲ್ಲಿ ಯಾರು ಬೇಕಾದರೂ ಚಿತ್ರ ತಂದು ಕೊಡಬಹುದು. ಚೆನ್ನಾಗಿಲ್ಲ ಅಂತ ಯಾರದನ್ನೂ ವಾಪಸು ಕಳಿಸುವ ಹಾಗಿರಲಿಲ್ಲ. ಅದು ಗುರುಗಳು ಹಾಕಿದ ಕಟ್ಟಳೆ.

ಶಿಷ್ಯ ವಾಗೀಶನಿಗೆ ಆ ಕಟ್ಟಳೆ ಕಂಡರೆ ಮೈ ಉರಿಯುತ್ತಿತ್ತು. ಅವನಿಗೆ ಮೂವತ್ತೆರಡು ವರ್ಷ. ಹಗಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದ, ಸಂಜೆ ಗುರುಗಳ ಹತ್ತಿರ ಕಲಿಯುತ್ತಿದ್ದ. ಹೀಗೆ ಒಂಬತ್ತು ವರ್ಷ ಕಳೆದಿತ್ತು.

ಆ ವರ್ಷ ಅವನು ಏಳು ತಿಂಗಳು ಕೂತು ಒಂದು ದೊಡ್ಡ ಚಿತ್ರ ಬರೆದಿದ್ದ. ಬಯಲಿನ ನಡುವೆ ಒಂದೇ ಮರ. ಹೆಸರು ‘ಮೌನ’.

"ಗುರುಗಳೇ, ಈ ಸಲ ನನ್ನದನ್ನೂ ಹಾಕಲೇ?" ಎಂದು ಕೇಳಿದ.

"ಹಾಕು," ಎಂದರು ಗುರುಗಳು. "ಎಲ್ಲರದನ್ನೂ ಹಾಕು."

"ಅಂದರೆ?"

"ಈ ಸಲ ಚಿತ್ರ ತೂಗುಹಾಕುವ ಕೆಲಸ ನಿನ್ನದು."

ಪ್ರದರ್ಶನದ ಹಿಂದಿನ ದಿನ ಬೆಳಗ್ಗೆ ಏಳಕ್ಕೆ ಬಾಗಿಲು ತೆರೆದರೆ, ಆಗಲೇ ಮೆಟ್ಟಿಲ ಮೇಲೆ ಜನ ಕೂತಿದ್ದರು. ನಿವೃತ್ತ ಪೋಸ್ಟ್‌ಮಾಸ್ಟರರು ಏಳು ಗಣಪತಿ ತಂದಿದ್ದರು. ಏಳೂ ಒಂದೇ ಸಾಲಿನಲ್ಲಿರಬೇಕು, ಬಾಗಿಲಿಗೆ ಎದುರಾಗಿರಬೇಕು. ಟೇಲರ್ ಕಾಳಪ್ಪ ಗಿಳಿಯ ಚಿತ್ರ ತಂದಿದ್ದ. ಅದೂ ಬಾಗಿಲಿಗೆ ಎದುರಾಗಿರಬೇಕು. ಎಂದೂ ಹೊಳೆ ದಾಟಿ ಆಚೆಗೆ ಹೋಗದ ಕಾಂಪೌಂಡರು ಹಿಮದ ಬೆಟ್ಟಗಳನ್ನು ಬರೆದುಕೊಂಡು ಬಂದಿದ್ದರು. ಬೆಟ್ಟದ ಮೇಲೆ ಬೆಳಕು ಬೀಳಬೇಕು, ಆದರೆ ಬಿಸಿಲು ಬೀಳಬಾರದು ಎಂದು ಅವರ ಕರಾರು.

ವಾಗೀಶ ಒಂದು ಹಾಕಿದರೆ ಎರಡು ತೆಗೆಯಬೇಕಾಗುತ್ತಿತ್ತು. ಕಾಳಪ್ಪನ ಗಿಳಿಯನ್ನು ಮೂರು ಸಲ ಜಾಗ ಬದಲಿಸಿದ. ಮಧ್ಯಾಹ್ನದ ಹೊತ್ತಿಗೆ ಸುತ್ತಿಗೆ ಹೆಬ್ಬೆರಳಿಗೆ ಬಿತ್ತು.

ಗುರುಗಳು ಮೂಲೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು.

"ಗುರುಗಳೇ, ಇವೆಲ್ಲ ಚಿತ್ರಗಳೇ?" ಎಂದ ವಾಗೀಶ, ಬೆರಳು ಬಾಯಲ್ಲಿಟ್ಟುಕೊಂಡು.

"ಗೋಡೆಯನ್ನು ಕೇಳು. ಅದೇ ಹೊರುವುದು."

"ಹೊರುವವನು ನಾನು."

"ಹಾಗಾದರೆ ನನ್ನನ್ನು ಯಾಕೆ ಕೇಳುತ್ತೀ?"

ಸಂಜೆಯ ಹೊತ್ತಿಗೆ ಎಂಬತ್ಮೂರು ಚಿತ್ರ ಏರಿದ್ದವು. ಬಾಗಿಲಿಗೆ ಎದುರಿನ ಗೋಡೆಯ ಮೇಲೆ, ನಟ್ಟನಡುವೆ, ‘ಮೌನ’ ಇತ್ತು. ಅದನ್ನು ಅಲ್ಲಿ ಹಾಕಿದ್ದಕ್ಕೆ ವಾಗೀಶನಿಗೆ ಯಾವ ಸಂಕೋಚವೂ ಆಗಲಿಲ್ಲ. ಅಷ್ಟು ದುಡಿದಿದ್ದೇನೆ, ಅಷ್ಟಾದರೂ ಬೇಡವೇ ಎಂದುಕೊಂಡ.

ಬಾಗಿಲು ಹಾಕಬೇಕು ಅನ್ನುವಷ್ಟರಲ್ಲಿ ಒಬ್ಬ ಹೆಂಗಸು ಓಡುತ್ತಾ ಬಂದಳು. ಹೆಸರು ಹುಲಿಗೆಮ್ಮ. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವಳು. ವಯಸ್ಸು ನಲವತ್ತೈದರ ಮೇಲೆ. ಪಾತ್ರೆ ತೊಳೆದು ಬರುವುದು ತಡವಾಯಿತು ಎಂದಳು. ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ರಟ್ಟನ್ನು ಮುಂದೆ ಹಿಡಿದಳು. ಮಕ್ಕಳು ಬಿಟ್ಟುಹೋದ ಬಣ್ಣದ ಡಬ್ಬಿಗಳಿಂದ ಬರೆದ ಚಿತ್ರ.

ವಾಗೀಶ ನಿಟ್ಟುಸಿರು ಬಿಟ್ಟು ರಟ್ಟನ್ನು ಕೈಗೆ ತಗೊಂಡ. ಹೊಳೆ, ಒಂದು ಹರಿಗೋಲು, ಒಬ್ಬ ಮನುಷ್ಯ. ಉಳಿದಿದ್ದ ಜಾಗ ಒಂದೇ, ಅದೂ ‘ಮೌನ’ದ ಪಕ್ಕದಲ್ಲಿ. ರಟ್ಟಿಗೆ ತೂತು ಕೊರೆದು, ದಾರ ಹಾಕಿ, ಮೊಳೆಗೆ ಸಿಕ್ಕಿಸಿದ.

ಹುಲಿಗೆಮ್ಮ ಏನೋ ಹೇಳಲು ಬಾಯಿ ತೆರೆದಳು.

"ನಾಳೆ ಬನ್ನಿ ಅಮ್ಮಾ," ಎಂದು ವಾಗೀಶ ದೀಪ ಆರಿಸಿದ.

ಮೊದಲ ದಿನ ಊರಿಗೆ ಊರೇ ಬಂತು. ಬಂದವರೆಲ್ಲ ತಮ್ಮ ತಮ್ಮ ಚಿತ್ರದ ಮುಂದೆ ಹೋಗಿ ನಿಂತರು. ಆಮೇಲೆ ಚಹಾದ ಮೇಜಿನ ಹತ್ತಿರ ಹೋದರು. ಎದುರಿನ ಗೋಡೆಯ ಹತ್ತಿರ ಬಂದವರೂ ಇದ್ದರು, ಏಕೆಂದರೆ ಫ್ಯಾನು ಇದ್ದದ್ದು ಅಲ್ಲೇ. ಒಬ್ಬ ಹಿರಿಯರು ‘ಮೌನ’ದ ಚೌಕಟ್ಟಿನ ಮೇಲೆ ಕೈಯಿಟ್ಟು ಒರಗಿ, ಕೈ ತೊಳೆಯುವ ನಲ್ಲಿ ಎಲ್ಲಿದೆ ಎಂದು ಕೇಳಿದರು.

ಹುಲಿಗೆಮ್ಮ ಶಾಲೆ ಬಿಟ್ಟ ಮೇಲೆ ಬಂದಳು. ತನ್ನ ರಟ್ಟಿನ ಮುಂದೆ ನಿಂತಳು. ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿದಳು, ಇನ್ನಷ್ಟು ವಾಲಿಸಿದಳು. ಹಾಗೇ ನಿಂತುಬಿಟ್ಟಳು. ಅವಳ ಹೆಗಲು ‘ಮೌನ’ದ ಅರ್ಧ ಮರವನ್ನು ಮುಚ್ಚಿತು.

"ಅಮ್ಮಾ, ಸ್ವಲ್ಪ ಸರೀರಿ," ಎಂದ ವಾಗೀಶ.

"ಸಾರ್, ಒಂದು ಮಾತು..."

"ನೋಡುವವರಿಗೆ ಅಡ್ಡ ಆಗುತ್ತೆ. ಸರೀರಿ."

ಅವಳು ಸರಿದಳು. ನೋಡುವವರು ಯಾರೂ ಇರಲಿಲ್ಲ.

ಸಂಜೆ ವಾಗೀಶ ಹಿಂದಿನ ಕೋಣೆಗೆ ಹೋಗಿ ಗುರುಗಳ ಮುಂದೆ ಕುಸಿದು ಕೂತ.

"ನೋಡುವುದೇ ಇಲ್ಲ ಗುರುಗಳೇ, ಈ ಜನ. ಏಳು ತಿಂಗಳು ನಾನು ಬರೆದದ್ದು ಫ್ಯಾನಿನ ಗಾಳಿ ತಗೊಳ್ಳುವವರಿಗೆ."

"ಎಷ್ಟು ಹೊತ್ತು ನೋಡಬೇಕಿತ್ತು?"

"ಹತ್ತು ನಿಮಿಷ. ಹತ್ತೇ ನಿಮಿಷ ನಿಂತು ನೋಡಲಿ ಸಾಕು."

"ಸರಿ. ನಾಳೆ ಅಲ್ಲಿ ಸ್ಟೂಲು ಹಾಕಿಕೊಂಡು ಕೂತ್ಕೋ. ಯಾವ ಚಿತ್ರದ ಮುಂದೆಯಾದರೂ ಆಗಲಿ, ಹತ್ತು ನಿಮಿಷ ನಿಂತು ನೋಡುವ ಒಬ್ಬರನ್ನು ಹುಡುಕಿ ನನಗೆ ಹೇಳು."

ಎರಡನೆಯ ದಿನ ವಾಗೀಶ ಗಡಿಯಾರ ಹಿಡಿದು ಕೂತ. ಪೋಸ್ಟ್‌ಮಾಸ್ಟರರು ತಮ್ಮ ಗಣಪತಿಗಳ ಮುಂದೆ ಐದು ನಿಮಿಷ ನಿಂತರು, ಅದರಲ್ಲಿ ನಾಲ್ಕು ನಿಮಿಷ ಬೇರೆಯವರು ನೋಡುತ್ತಾರೋ ಇಲ್ಲವೋ ಎಂದು ತಿರುಗಿ ತಿರುಗಿ ನೋಡಿದರು. ಮಿಕ್ಕವರು ಅರ್ಧ ನಿಮಿಷ, ಒಂದು ನಿಮಿಷ. ಕಾಂಪೌಂಡರು ಬಂದು, ಬೆಟ್ಟಕ್ಕೆ ಬಿಸಿಲು ಬೀಳುತ್ತಿದೆ ಎಂದು ಜಗಳಾಡಿ ಹೋದರು.

ಮೂರೂವರೆಗೆ ಹುಲಿಗೆಮ್ಮ ಬಂದಳು. ಕತ್ತು ವಾಲಿಸಿಕೊಂಡು ನಿಂತಳು. ಐದು ನಿಮಿಷವಾಯಿತು. ಹತ್ತಾಯಿತು. ಹದಿನೈದಾಯಿತು. ನಡುನಡುವೆ ಕತ್ತಿನ ಹಿಂಭಾಗ ತಿಕ್ಕಿಕೊಳ್ಳುತ್ತಿದ್ದಳು.

ವಾಗೀಶನಿಗೆ ರೇಗಿತು. ತನ್ನದನ್ನೇ ತಾನು ನೋಡಿಕೊಳ್ಳುವುದೂ ಒಂದು ನೋಟವೇ? ಮತ್ತೆ ಅವಳ ಹೆಗಲು ಮರಕ್ಕೆ ಅಡ್ಡವಾಗಿತ್ತು.

"ಅಮ್ಮಾ, ನಿನ್ನೆಯೇ ಹೇಳಿದೆ."

"ತಪ್ಪಾತ್ರಿ ಸಾರ್," ಎಂದು ಅವಳು ಈ ಕಡೆ ಸರಿದಳು.

ಸಂಜೆ ಗುರುಗಳು ಕುಂಚ ತೊಳೆಯುತ್ತಿದ್ದರು. "ಸಿಕ್ಕರಾ?" ಎಂದು ಕೇಳಿದರು.

"ಯಾರೂ ಇಲ್ಲ. ಒಬ್ಬ ಹೆಂಗಸು ಹದಿನೈದು ನಿಮಿಷ ನಿಂತಳು. ಆದರೆ ಲೆಕ್ಕಕ್ಕಿಲ್ಲ, ಚಿತ್ರ ಅವಳದೇ. ಪಾಪ, ಕತ್ತು ಬೇರೆ ಸೊಟ್ಟ."

ಗುರುಗಳ ಕೈ ನೀರಿನಲ್ಲೇ ನಿಂತಿತು.

"ಕತ್ತು ಸೊಟ್ಟ?"

"ಹೌದು. ಹೀಗೆ ವಾಲಿಸಿಕೊಂಡೇ ಇರುತ್ತಾಳೆ."

"ಯಾಕೆ ಅಂತ ಕೇಳಿದೆಯಾ?"

"ನಾನೇನು ಡಾಕ್ಟರೇ ಗುರುಗಳೇ?"

ಗುರುಗಳು ಹಣೆ ಚಚ್ಚಿಕೊಂಡರು. ಕೈಯಲ್ಲಿದ್ದ ಕುಂಚದ ನೀಲಿ ಅವರ ಹುಬ್ಬಿಗೆ ಮೆತ್ತಿತು. ಎದ್ದು ಹೊಳೆಯ ಕಡೆ ಹೊರಟುಹೋದರು.

ಮೂರನೆಯ ದಿನ ಹುಲಿಗೆಮ್ಮ ಒಬ್ಬಳೇ ಬರಲಿಲ್ಲ. ಅವಳ ಕೈ ಹಿಡಿದುಕೊಂಡು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಉಸಿರು ತಗೊಳ್ಳುತ್ತ, ಅವಳ ತಾಯಿ ಬಂದಳು. ಎಂಬತ್ತು ದಾಟಿದ ಮುದುಕಿ. ಬೆನ್ನು ಬಾಗಿತ್ತು, ಕಣ್ಣು ಮಾತ್ರ ಚುರುಕಾಗಿತ್ತು.

ಹುಲಿಗೆಮ್ಮ ಹಿಂಜರಿಯುತ್ತಿದ್ದಳು. "ಅವ್ವಾ, ಮನೀಗೆ ತಂದ ಮ್ಯಾಲೆ ನೋಡೀಯಂತೆ," ಎನ್ನುತ್ತಿದ್ದಳು.

"ಊರೆಲ್ಲ ನೋಡೈತಿ. ನನ್ನ ಗಂಡನ್ನ ನಾ ನೋಡಬಾರದೇನು?" ಎಂದು ಮುದುಕಿ ಮಗಳ ಕೈ ಕೊಡವಿ ಮುಂದೆ ಬಂದಳು.

ಹುಲಿಗೆಮ್ಮನ ಅಪ್ಪ ಅಂಬಿಗ. ಹೊಳೆಗೆ ಸೇತುವೆ ಆಗುವುದಕ್ಕೆ ಮೊದಲು ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದವನು. ಮಗಳಿಗೆ ಆರು ವರ್ಷವಿದ್ದಾಗ ಒಂದು ಪ್ರವಾಹದಲ್ಲಿ ಮುಳುಗಿ ಹೋದ. ಇದು ಊರಿನಲ್ಲಿ ಹಳಬರಿಗೆಲ್ಲ ಗೊತ್ತಿತ್ತು, ವಾಗೀಶನಿಗೆ ಗೊತ್ತಿರಲಿಲ್ಲ.

ಮುದುಕಿ ಚಿತ್ರದ ಹತ್ತಿರಕ್ಕೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು.

"ಇವನ್ಯಾವನು?"

"ನಮ್ಮಪ್ಪ, ಅವ್ವಾ."

"ಅಲ್ಲ. ಇಂವಾ ಬಲಗೈಯಾಗ ಹುಟ್ಟು ಹಿಡ್ದಾನ. ನಿಮ್ಮಪ್ಪ ಎಡಚ. ಬಲಗೈಯಾಗ ಒಂದು ತುತ್ತು ಉಣ್ಣಾಕೂ ಬರ್ತಿರಲಿಲ್ಲ ಅವಂಗ."

ಹುಲಿಗೆಮ್ಮ ಸುತ್ತ ನೋಡಿದಳು. ವಾಗೀಶ ಎರಡು ಮಾರು ದೂರದಲ್ಲಿ ನಿಂತಿದ್ದ. ಅವಳು ದನಿ ತಗ್ಗಿಸಿ ಹೇಳಿದಳು. ಆದರೆ ಛತ್ರದ ಹಳೇ ಗೋಡೆಗಳು ಪಿಸುಮಾತನ್ನೂ ಎತ್ತಿ ಕೊಡುತ್ತಿದ್ದವು.

"ಚಿತ್ರ ತಲೆಕೆಳಗೈತಿ ಅವ್ವಾ. ಮ್ಯಾಲೆ ಕಾಣೋದು ನೀರಾಗಿನ ನೆರಳು. ಅಪ್ಪ ಕೆಳಗದಾನ."

ಮುದುಕಿ ಬಗ್ಗಿದ ಬೆನ್ನನ್ನು ಇನ್ನೂ ಬಗ್ಗಿಸಿ, ರಟ್ಟಿನ ಕೆಳ ಅಂಚನ್ನು ನೋಡಿದಳು. ಅಲ್ಲಿ ಮಸುಕಾದ ಇನ್ನೊಂದು ಆಕಾರ, ಕಾಲು ಮೇಲಾಗಿ, ತಲೆ ಕೆಳಗಾಗಿ ಇತ್ತು.

ಆಕೆ ತಿರುಗಿ ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದಳು:

"ಹೊಳಿ ಒಂದು ಸಲ ಮುಳುಗಿಸ್ತು. ನೀವು ಮತ್ತೊಂದು ಸಲ ಮುಳುಗಿಸೀರಿ."

ಚಹಾದ ಮೇಜಿನ ಹತ್ತಿರ ಇದ್ದವರೆಲ್ಲ ತಿರುಗಿ ನೋಡಿದರು.

ವಾಗೀಶ ಓಡಿಬಂದ. ದಾರ ಬಿಚ್ಚಲು ಹೋದರೆ ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಡಿದ. ರಟ್ಟಿನ ಇನ್ನೊಂದು ಅಂಚಿಗೆ ತೂತು ಕೊರೆದು, ದಾರ ಕಟ್ಟಿ, ತಿರುಗಿಸಿ ಹಾಕಿದ.

ಈಗ ನೀರು ಕೆಳಗಿತ್ತು. ಅದರಲ್ಲಿ ಸ್ಪಷ್ಟವಾದ ಒಬ್ಬ ಮನುಷ್ಯ ತಲೆಕೆಳಗಾಗಿ ಅಲುಗುತ್ತಿದ್ದ. ಮೇಲೆ, ಹರಿಗೋಲಿನಲ್ಲಿ, ಎಡಗೈಯಲ್ಲಿ ಹುಟ್ಟು ಹಿಡಿದು ನಿಂತವನು ಮಾತ್ರ ಬೆಳಗಿನ ಮಂಜಿನ ಹಾಗಿದ್ದ. ಅವನ ಮುಖದ ಜಾಗದಲ್ಲಿ ಬರೀ ತಿಳಿ ಬೂದು ಬಣ್ಣವಿತ್ತು.

"ಹ್ಞಾ," ಎಂದಳು ಮುದುಕಿ. "ಈಗ ಬಂದ."

ವಾಗೀಶನಿಗೆ ಹುಲಿಗೆಮ್ಮನ ಮುಖ ನೋಡಲು ಆಗಲಿಲ್ಲ. "ನೀವು ಹೇಳಬಾರದಿತ್ತೇ ಅಮ್ಮಾ?" ಎಂದ.

"ಹಾಕಿದ ದಿನ ಹೇಳಾಕ ನಿಂತೆ, ನಾಳೆ ಬರ್ರಿ ಅಂದ್ರಿ. ಮರುದಿನ ಹೇಳಾಕ ಬಂದೆ, ಸರೀರಿ ಅಂದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇರಲಿ ಬಿಡ್ರಿ. ನಾನು ಕತ್ತು ವಾಲಿಸ್ಕೊಂಡು ನೋಡ್ತಿದ್ದೆ."

ಅಂದು ಸಂಜೆ ವಾಗೀಶ ಹೊಳೆಯ ಮೆಟ್ಟಿಲ ಮೇಲೆ ಗುರುಗಳನ್ನು ಹಿಡಿದ.

"ನಿಮಗೆ ಗೊತ್ತಿತ್ತು."

"ಮೊದಲ ದಿನವೇ."

"ಮತ್ತೆ ಯಾಕೆ ಹೇಳಲಿಲ್ಲ? ನನ್ನ ಮಾತು ಬಿಡಿ. ಆ ತಾಯಿ ಮಗಳ ಗತಿ ಏನು?"

"ತಿರುಗಿಸಿ ಹಾಕಲೇ ಅಂತ ನಾನು ಹುಲಿಗೆಮ್ಮನನ್ನೇ ಕೇಳಿದೆ," ಎಂದರು ಗುರುಗಳು. "ಆಕೆ ಬೇಡ ಅಂದಳು. ಎಂಬತ್ನಾಲ್ಕು ಚಿತ್ರ ಒಬ್ಬರೇ ಹಾಕ್ಯಾರ, ಬೆರಳು ಬ್ಯಾರೆ ಜಜ್ಜಿಕೊಂಡಾರ, ಜನರ ಮುಂದ ತಪ್ಪು ಅಂದ್ರ ನೊಂದ್ಕೊಂತಾರ, ಪಕ್ಕದಾಗ ಅವರದೇ ಚಿತ್ರ ಐತಿ, ಇವತ್ತಲ್ಲ ನಾಳೆ ಕಣ್ಣಿಗೆ ಬಿದ್ದೇ ಬೀಳ್ತತಿ, ತಾವೇ ತಿರುಗಿಸ್ತಾರ ಬಿಡ್ರಿ ಅಂದಳು."

ವಾಗೀಶ ತನ್ನ ಜಜ್ಜಿದ ಹೆಬ್ಬೆರಳನ್ನು ನೋಡಿಕೊಂಡ.

"ನಾನೂ ಒಪ್ಪಿದೆ," ಎಂದರು ಗುರುಗಳು. ಅವರ ದನಿಗೆ ಸುಸ್ತು ಬಂದಿತ್ತು. "ಒಂಬತ್ತು ವರ್ಷ ಕಲಿಸಿದ್ದೇನೆ, ಒಂದು ಗಂಟೆ ಸಾಕು ಅಂದುಕೊಂಡೆ. ಮುದುಕಿ ಬರುವವರೆಗೂ ಬೇಕಾಗುತ್ತೆ ಅಂತ ನನಗೇನು ಗೊತ್ತು? ನನ್ನದೂ ತಪ್ಪೇ."

ನಾಲ್ಕನೆಯ ದಿನ ಬೆಳಗ್ಗೆ ಗುರುಗಳು ಬಂದು ನೋಡಿದರೆ ಎದುರಿನ ಗೋಡೆಯ ನಡುಭಾಗ ಬೋಳಾಗಿತ್ತು. ‘ಮೌನ’ ನೆಲದ ಮೇಲೆ, ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಪಕ್ಕದಲ್ಲಿ ವಾಗೀಶನೂ ಹೆಚ್ಚುಕಡಿಮೆ ಹಾಗೆಯೇ ನಿಂತಿದ್ದ.

"ಇದೇನು?"

"ನನಗೆ ಯೋಗ್ಯತೆ ಇಲ್ಲ ಗುರುಗಳೇ. ಇನ್ನು ಕುಂಚ ಮುಟ್ಟುವುದಿಲ್ಲ."

ಗುರುಗಳು ಆ ಬೋಳು ಜಾಗದ ಮೊಳೆಯನ್ನು ಅಲುಗಿಸಿ ನೋಡಿದರು.

"ಇಷ್ಟು ದಿನ ನಿನ್ನ ಚಿತ್ರವನ್ನು ಯಾರೂ ನೋಡಲಿಲ್ಲ ಅಂತ ಪ್ರಾಣ ತಿಂದೆ. ಈಗ ಅದನ್ನು ತೆಗೆದಿದ್ದೀಯ ಅಂತ ಎಲ್ಲರೂ ನೋಡಬೇಕು, ಅಲ್ಲವೇ?"

"ಹಾಗಲ್ಲ..."

"ಮೊದಲಿನ ಜಾಗಕ್ಕೆ ಹಾಕು. ಇಲ್ಲದಿದ್ದರೆ ಬಂದವರೆಲ್ಲ ಇವತ್ತು ಹುಲಿಗೆಮ್ಮನ ಚಿತ್ರ ಬಿಟ್ಟು, ಪಕ್ಕದ ಖಾಲಿ ಜಾಗದ ಕಥೆ ಕೇಳುತ್ತಾರೆ."

ವಾಗೀಶ ಹಾಕಿದ. ಕೆನ್ನೆಗೆ ಏಟು ತಿಂದವನ ಹಾಗಿತ್ತು ಅವನ ಮುಖ.

"ಮತ್ತೆ ನಾನೇನು ಮಾಡಲಿ?"

"ಇನ್ನೂ ಎಂಬತ್ತೆರಡು ಇವೆ," ಎಂದು ಗುರುಗಳು ಒಳಗೆ ಹೋದರು.

ಅಂದು ವಾಗೀಶ ಬಾಗಿಲಿನಿಂದ ಶುರುಮಾಡಿ ಒಂದೊಂದೇ ಚಿತ್ರದ ಮುಂದೆ ನಿಂತ. ಮೊದಮೊದಲು ಶಿಕ್ಷೆಯ ಹಾಗೆ ನಿಂತ. ಕಾಳಪ್ಪನ ಗಿಳಿಯ ಕಾಲಿನಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ದಾರವಿತ್ತು. ಮೂರು ಸಲ ಕೈಯಲ್ಲಿ ಹಿಡಿದಿದ್ದರೂ ಅವನು ಅದನ್ನು ಕಂಡಿರಲಿಲ್ಲ. ಏಳು ಗಣಪತಿಗಳ ಕಣ್ಣೂ ಪೋಸ್ಟ್‌ಮಾಸ್ಟರರ ಹೆಂಡತಿಯ ಕಣ್ಣು. ಆಕೆ ದಿನಾ ಬಂದು ಚಹಾ ಕುಡಿದು ಹೋಗುತ್ತಿದ್ದರು, ಪಾಪ, ಆಕೆಗೂ ಅದು ಗೊತ್ತಿರಲಿಲ್ಲ. ಹಿಮದ ಬೆಟ್ಟ ಮಾತ್ರ ಎಷ್ಟು ಹೊತ್ತು ನೋಡಿದರೂ ಕೆಟ್ಟದಾಗಿಯೇ ಇತ್ತು.

ಐದನೆಯ ದಿನ ಮಧ್ಯಾಹ್ನ ಪ್ರದರ್ಶನ ಮುಗಿಯಿತು. ಜನ ತಮ್ಮ ತಮ್ಮ ಚಿತ್ರ ತಗೊಂಡು ಹೊರಟರು. ಹುಲಿಗೆಮ್ಮ ಬಂದಾಗ ವಾಗೀಶ, "ನಾನೇ ತಂದು ಗೋಡೆಗೆ ಹಾಕಿಕೊಡುತ್ತೇನೆ," ಎಂದ. ರಟ್ಟನ್ನು ಎದೆಗೆ ಅವಚಿಕೊಂಡು, ಸೇತುವೆ ದಾಟಿ, ಆಚೆ ದಡದ ಅವಳ ಮನೆಗೆ ಹೋದ.

ಒಂದೇ ಕೋಣೆಯ ಮನೆ. ಮುದುಕಿ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು.

"ಎಲ್ಲಿ ಹಾಕಲಿ ಅಜ್ಜಿ?"

"ನಾ ಕೂತಲ್ಲಿಗೆ ಕಾಣೋ ಹಂಗ ಹಾಕು."

ವಾಗೀಶ ಅವಳ ಪಕ್ಕದಲ್ಲಿ ಕೂತು ನೋಡಿದ. ನೆಲದಿಂದ ಎರಡು ಗೇಣಿನ ಎತ್ತರಕ್ಕೆ ಮೊಳೆ ಹೊಡೆದ. ಹುಲಿಗೆಮ್ಮ ಚಹಾಕ್ಕೆ ಇಟ್ಟಳು.

"ಮೇಲಿನ ಮುಖ ಯಾಕೆ ಖಾಲಿ ಬಿಟ್ಟಿರಿ ಅಮ್ಮಾ?" ಎಂದು ವಾಗೀಶ ಕೇಳಿದ. ಈ ಸಲ ಕೇಳದೆ ಇರಬಾರದು ಎನಿಸಿತ್ತು.

"ನೆನಪಿಲ್ರೀ," ಎಂದಳು ಅವಳು, ಒಲೆ ಊದುತ್ತ. "ಸಣ್ಣಾಕಿದ್ದಾಗ ಹರಿಗೋಲಿನ ಅಂಚಿಗೆ ಗದ್ದ ಇಟ್ಕೊಂಡು ನೀರು ನೋಡ್ಕೊಂತ ಕೂಡ್ತಿದ್ದೆ. ಅಪ್ಪ ಅಂದ್ರ ನಂಗ ನೀರಾಗ ಕಾಣೋ ಅಪ್ಪನಾ. ಕತ್ತೆತ್ತಿ ನೋಡಿದ ನೆನಪಾ ಇಲ್ಲ. ಒಂದು ಫೋಟೋನೂ ಇಲ್ಲ."

ಮುದುಕಿ ಚಿತ್ರದಿಂದ ಕಣ್ಣು ಕೀಳದೆ, "ನನಗ ನೆನಪೈತಿ," ಎಂದಳು.

ಹುಲಿಗೆಮ್ಮ ಊದುವುದನ್ನು ನಿಲ್ಲಿಸಿದಳು.

"ನೀ ದೊಡ್ಡ ಚಿತ್ರ ಬರಿಯಾಂವ ಅಂತಾರಲ್ಲ," ಎಂದಳು ಮುದುಕಿ ವಾಗೀಶನಿಗೆ. "ಹೇಳ್ತೀನಿ, ಬರದುಬಿಡು. ನಾ ಹೋದ್ರ ಅವನ ಮಾರಿ ಬಲ್ಲವರು ಯಾರೂ ಇಲ್ಲ. ಎಡಗಡೆ ಹುಬ್ಬಿಗೆ ಗಾಯದ ಕಲಿ. ನಕ್ಕರ ಒಂದಾ ಕಡೆ ನಗತಿದ್ದ, ಈ ಕಡೆ. ಮೂಗು ನೋಡು, ಇಲ್ಲಿ..." ಎಂದು ತನ್ನ ಮೂಗಿನ ಮೇಲೆ ಬೆರಳಿಟ್ಟಳು.

ಬೇರೆಯವರ ಚಿತ್ರ. ಮಗಳು ನೆನಪಿಲ್ಲದ್ದನ್ನು ನೆನಪಿಲ್ಲ ಅಂತಲೇ ಬರೆದಿದ್ದಾಳೆ. ಅದರ ಮೇಲೆ ತಾನು ಕುಂಚ ಇಡಬಹುದೇ? ಇಡದಿದ್ದರೆ ಈ ಮುಖ ಮುದುಕಿಯ ಜೊತೆಗೇ ಹೋಗುತ್ತದೆ. ಹುಲಿಗೆಮ್ಮನ ಕಡೆ ನೋಡಿದ. ಅವಳು ತಾಯಿಯ ಬೆರಳನ್ನೇ ನೋಡುತ್ತಿದ್ದಳು, ಬಾಯಿ ಅರೆ ತೆರೆದಿತ್ತು.

ಒಮ್ಮೆ ಅವಸರ ಮಾಡಿ ಕೆಟ್ಟದ್ದು ಸಾಕು ಎಂದುಕೊಂಡ ವಾಗೀಶ. ಕೈ ಮುಗಿದು ಎದ್ದ.

"ಅಜ್ಜಿ, ಇದು ಸಣ್ಣ ವಿಷಯವಲ್ಲ. ಗುರುಗಳನ್ನು ಒಂದು ಮಾತು ಕೇಳಿ ಬಂದುಬಿಡುತ್ತೇನೆ."

ಸೇತುವೆಯ ಮೇಲೆ ಅವನು ನಡೆಯಲಿಲ್ಲ, ಓಡಿದ. ಸೂರ್ಯ ಇಳಿಯುತ್ತಿದ್ದ. ಗುರುಗಳು ಖಾಲಿ ಗೋಡೆಗಳಿಂದ ಮೊಳೆ ಕೀಳುತ್ತಿದ್ದರು. ವಾಗೀಶ ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದ. ಚಾಪೆ, ಎರಡು ಗೇಣಿನ ಎತ್ತರದಲ್ಲಿ ಹೊಡೆದ ಮೊಳೆ, ಹುಬ್ಬಿನ ಕಲೆ, ಒಂದೇ ಕಡೆಯ ನಗು.

"ಮೂಗು ಹೇಗಿತ್ತು?" ಎಂದು ಗುರುಗಳು ಕೇಳಿದರು.

"ಅದನ್ನು ಹೇಳುತ್ತಿದ್ದರು, ಅಷ್ಟರಲ್ಲಿ ನಾನು... ಅದಕ್ಕೇ ಬಂದೆ ಗುರುಗಳೇ. ಬರೆಯಲೋ, ಬೇಡವೋ? ತಾಯಿಯ ಮಾತು ನಡೆಸಲೋ, ಮಗಳ ಚಿತ್ರ ಉಳಿಸಲೋ? ನೀವೇ ಹೇಳಬೇಕು."

ಗುರುಗಳ ಕೈಯಿಂದ ಇಕ್ಕಳ ಜಾರಿ ನೆಲಕ್ಕೆ ಬಿತ್ತು. ಅವರು ಶಿಷ್ಯನ ಎರಡೂ ಭುಜ ಹಿಡಿದು ಬಾಗಿಲ ಕಡೆಗೆ ತಿರುಗಿಸಿ ನಿಲ್ಲಿಸಿದರು.

"ಅಯ್ಯೋ ಪುಣ್ಯಾತ್ಮಾ, ಆಕೆ ಇನ್ನೂ ಹೇಳುತ್ತಿದ್ದಾಗಲೇ ನೀನು ಎದ್ದು ಬಂದೆಯಾ?"